ಗಾಡಿ ಗ್ಯಾರೇಜು: ಮೂರು ಕೋಡು, ಒಂದು ತಂತಿ

ಪ್ರಶ್ನೆ: ಕಳೆದ ದೀಪಾವಳಿಗೆ 2014ರ ಸ್ವಿಫ್ಟ್ ಡೀಸೆಲ್ ಕಾರು ಕೊಂಡೆ. ಮೊದಲಿನ ಎಂಜಿನ್ ಸೀಜ್ ಆಗಿತ್ತು, ಅಪಘಾತವಾದ ಬೇರೊಂದು ಕಾರಿನ ಎಂಜಿನ್ ಕೂರಿಸಿದ್ದೇವೆ ಎಂದು ಮಾರಿದವರು ಹೇಳಿಯೇ ಕೊಟ್ಟಿದ್ದರು. ಮಳೆ ಹಿಡಿದ ಮೇಲೆ ಎಂಜಿನ್ ದೀಪ ಆರುತ್ತಿಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸ್ಕ್ಯಾನರ್‌ನಲ್ಲಿ ಪಿ0118, ಪಿ0238, ಪಿ0340 ಎಂಬ ಮೂರು ದೋಷದ ಕೋಡುಗಳು ಬಂದವು. ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಸೆನ್ಸರ್, ಕ್ಯಾಮ್ (ಎಂಜಿನ್ ವಾಲ್ವ್ ತೆರೆಸುವ ದಂಡ) ಸೆನ್ಸರ್ ಎರಡನ್ನೂ ಹೊಸದಾಗಿ ಹಾಕಿಸಿದೆ. ಮೂರೂ ಕೋಡುಗಳು ಮರಳಿ ಬಂದಿವೆ. ಈಗ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಬದಲಿಸಬೇಕು ಎಂದು ಗ್ಯಾರೇಜಿನವರು ಎನ್ನುತ್ತಿದ್ದಾರೆ. ಬದಲಿಸಲೇ?
– ಓದುಗರು, ಕಾಪು

ಉತ್ತರ: ಬೇಡ. ಇನ್ನೊಂದು ಸೆನ್ಸರನ್ನೂ ಕೊಳ್ಳಬೇಡಿ. ಒಂದೇ ಮಳೆಗೆ ಮೂರು ಸೆನ್ಸರ್ ಒಟ್ಟಿಗೆ ಸಾಯುವುದನ್ನು ನಾನಂತೂ ನೋಡಿಲ್ಲ.

ಕೋಡುಗಳನ್ನು ಸ್ವಲ್ಪ ಬಿಡಿಸಿ ಓದೋಣ. ಪಿ0118 ಎಂದರೆ ಕೂಲೆಂಟ್ ತಾಪದ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚು. ಪಿ0238 ಎಂದರೆ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಒತ್ತಡದ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚು. ಪಿ0340 ಕ್ಯಾಮ್ ಸೆನ್ಸರ್ ಸರ್ಕ್ಯೂಟಿನ ದೋಷ. ಮೂರೂ ಸರ್ಕ್ಯೂಟಿನ ಮಾತು. ಸೆನ್ಸರ್ ಕೆಟ್ಟಿದೆ ಎಂದು ಯಾವುದೂ ಹೇಳುತ್ತಿಲ್ಲ. ಇಂಥ ಸೆನ್ಸರ್‌ಗಳಿಗೆ ಇಸಿಎಂಗೆ ಮರಳುವ ಅರ್ಥ್ ತಂತಿಯೊಂದು ಇರುತ್ತದೆ. ಹಲವು ಗಾಡಿಗಳಲ್ಲಿ ಇವು ಹಾರ್ನೆಸ್ ಎಂಬ ತಂತಿಗಳ ಕಟ್ಟಿನೊಳಗೆ ಒಂದೇ ಕಡೆ ಕೂಡಿಕೊಳ್ಳುತ್ತವೆ. ಆ ಕೂಡು ಕಡಿದರೆ ಎರಡು ಸೆನ್ಸರ್‌ಗಳ ವೋಲ್ಟೇಜ್ ಮೇಲೇರಿ ನಿಲ್ಲುತ್ತದೆ, ಮೂರನೆಯದು ಮೌನವಾಗುತ್ತದೆ. ನಿಮ್ಮ ಕಾರಿನಲ್ಲಿ ಆಗಿರುವುದು ಇದೇ ಎಂದು ನನ್ನ ಸಂಶಯ.

ಖರ್ಚಿಲ್ಲದೆ ಪರೀಕ್ಷಿಸಬಹುದು. ಸ್ಕ್ಯಾನರ್‌ನಲ್ಲಿ ಕೋಡುಗಳನ್ನು ಬರೆದಿಟ್ಟುಕೊಂಡು ಅಳಿಸಿ, ಕೂಲೆಂಟ್ ತಾಪದ ಅಂಕಿಯನ್ನು ನೋಡಿ. ಮೈನಸ್ 40 ಡಿಗ್ರಿ ತೋರಿಸಿದರೆ ಸರ್ಕ್ಯೂಟ್ ಕಡಿದಿದೆ ಎಂದೇ ಅರ್ಥ; ಕಾಪುವಿನ ಕಡಲ ಬದಿಯಲ್ಲಿ ನಿಂತ ಕಾರಿಗೆ ಅಷ್ಟು ಚಳಿ ಎಲ್ಲಿಂದ ಬರಬೇಕು? ಈಗ ಆ ಸೆನ್ಸರ್‌ನ ಕಪ್ಲರ್ (ತಂತಿ ಸಿಕ್ಕಿಸುವ ಪ್ಲಗ್) ಬಿಚ್ಚಿ, ಎರಡು ತೂತುಗಳನ್ನು ಸಣ್ಣ ತಂತಿಯಿಂದ ಜೋಡಿಸಿ. ಅಂಕಿ ಒಮ್ಮೆಲೇ ನೂರು ದಾಟಿ ಜಿಗಿದರೆ ತಂತಿಯೂ ಇಸಿಎಂ ಕೂಡ ಸರಿ. ಕದಲದೆ ಮೈನಸ್ 40ರಲ್ಲೇ ಕುಳಿತರೆ ತಂತಿ ಹೋಗಿರುವ ಸಂಭವವೇ ಹೆಚ್ಚು. ಆಗ ಕೀ ತೆಗೆದು, ಅರ್ಥ್ ತೂತಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ, ಸೊನ್ನೆಯ ಹತ್ತಿರವಿರಬೇಕು. ಈ ಜೋಡಿಸುವ ಆಟ ಎರಡು ತಂತಿಯ ತಾಪ ಸೆನ್ಸರ್‌ಗೆ ಮಾತ್ರ. ಮೂರು ತಂತಿಯದರಲ್ಲಿ ಮಾಡಿದರೆ 5 ವೋಲ್ಟಿನ ಸಪ್ಲೈ ಶಾರ್ಟ್ ಆಗಿ ಹೊಸ ತಲೆನೋವು ಬರುತ್ತದೆ.

ಎಲ್ಲಿ ಹುಡುಕಬೇಕು? ಎಂಜಿನ್ ಬದಲಿಸಿದವರು ಕತ್ತರಿ ಆಡಿಸಿದ ಜಾಗದಲ್ಲಿ. ಫಿಯಟ್‌ನಿಂದ ಬಂದ ಈ 1248 ಸಿಸಿ ಎಂಜಿನ್ ಮಾರುತಿ, ಟಾಟಾ, ಫಿಯಟ್ ಮೂರೂ ಕಂಪನಿಗಳ ಹಳೆಯ ಡೀಸೆಲ್ ಕಾರುಗಳಲ್ಲಿದೆ. ಗುಜರಿಯಲ್ಲಿ ಯಾವುದು ಸಿಕ್ಕಿತೋ ಅದನ್ನು ತಂದು ಕೂರಿಸುತ್ತಾರೆ. ಕಪ್ಲರ್ ಹೊಂದದಿದ್ದರೆ ಕತ್ತರಿಸಿ, ಕೈಯಲ್ಲೇ ಹೊಸೆದು, ಕಪ್ಪು ಟೇಪು ಸುತ್ತುತ್ತಾರೆ. ಮಲ್ಪೆ ಬಂದರಿನ ಬದಿಯಲ್ಲೇ ನಿಲ್ಲುತ್ತಿದ್ದ ಒಂದು ಕಾರು ನನ್ನಲ್ಲಿಗೆ ಬಂದಿತ್ತು. ಟೇಪು ಬಿಡಿಸಿದರೆ ಒಳಗೆ ಉಪ್ಪು ನೀರಿನ ತೇವ, ತಾಮ್ರವಿರಬೇಕಾದಲ್ಲಿ ಹಸಿರು ಕಿಲುಬಿನ ಪುಡಿ. ಅಲ್ಲಿಂದ ಎರಡು ಬೆರಳು ದೂರದಲ್ಲಿ ತಂತಿ ಹೊರಗಿನಿಂದ ಹೊಸದರಂತಿತ್ತು. ಮೆಲ್ಲಗೆ ಎಳೆದೆ, ರಬ್ಬರಿನ ಹಾಗೆ ಹಿಗ್ಗಿತು. ಒಳಗೆ ತಾಮ್ರ ಕಡಿದ ತಂತಿ ಮಾತ್ರ ಹಾಗೆ ಹಿಗ್ಗುತ್ತದೆ. ನೀವೂ ಒಂದೊಂದಾಗಿ ಎಳೆದು ನೋಡಿ. ಸಿಕ್ಕಿದ ಮೇಲೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಬೆಸುಗೆ ಹಾಕಿಸಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿ ತಗುಲಿದರೆ ಕುಗ್ಗಿ ಹಿಡಿಯುವ) ಕೊಳವೆ ಹಾಕಿಸಿ. ಟೇಪು ಬೇಡ, ಅದು ನೀರನ್ನು ಹೊರಗೆ ತಡೆಯುವುದಕ್ಕಿಂತ ಒಳಗೆ ಹಿಡಿದಿಡುವುದೇ ಹೆಚ್ಚು. ಹಾಗೆಯೇ ಎಂಜಿನ್ನಿನಿಂದ ಕಾರಿನ ಲೋಹದ ಮೈಗೆ ಹೋಗುವ ದಪ್ಪ ಅರ್ಥ್ ಪಟ್ಟಿ ಇದೆಯೇ ನೋಡಿ. ಎಂಜಿನ್ ಕೂರಿಸುವ ಅವಸರದಲ್ಲಿ ಮರೆತುಬಿಡುವ ಭಾಗ ಅದು.

ಇಷ್ಟಾದ ಮೇಲೂ ಟರ್ಬೊ ಬಗ್ಗೆ ಪಿ0234 ಅಥವಾ ಪಿ0299 ಬಂದರೆ ವಿಷಯ ಬೇರೆ. ಅವು ಒತ್ತಡವೇ ಹೆಚ್ಚು ಅಥವಾ ಕಡಿಮೆ ಎನ್ನುವ ಕೋಡುಗಳು. ಸ್ವಿಫ್ಟ್‌ನಲ್ಲಿರುವುದು 75 ಅಶ್ವಶಕ್ತಿಯ ಎಂಜಿನ್, ಆ ಕಾಲದ ಎರ್ಟಿಗಾ ಡೀಸೆಲ್‌ನದು 90, ಎರಡರ ಟರ್ಬೊ ಬೇರೆ ಬೇರೆ. ನಿಮ್ಮದಕ್ಕೆ ಯಾವುದು ಬಂದಿದೆ ಎಂದು ಮಾರಿದವರನ್ನೇ ಕೇಳಿ. ಇಂಜೆಕ್ಟರ್‌ಗಳೂ (ಡೀಸೆಲ್ ಸಿಂಪಡಿಸುವ ಭಾಗಗಳು) ಬದಲಾಗಿದ್ದರೆ ಅವುಗಳ ಮೇಲಿನ ಸಂಖ್ಯೆಯನ್ನು ಇಸಿಎಂಗೆ ಬರೆಸಬೇಕಾಗಬಹುದು.

ಗುಜರಿಯಿಂದ ಇಸಿಎಂ ತಂದರೆ ಕಳ್ಳತನ ತಡೆಯುವ ಇಮೊಬಿಲೈಸರ್ ನಿಮ್ಮ ಕೀಯನ್ನು ಗುರುತಿಸದೆ ಕಾರು ಸ್ಟಾರ್ಟೇ ಆಗುವುದಿಲ್ಲ. ಆ ಹಣದಲ್ಲಿ ಮೊದಲು ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆಯನ್ನು ತಿದ್ದಿಸಿ. ಸಂಖ್ಯೆ ತಾಳೆಯಾಗದಿದ್ದರೆ ಅಪಘಾತವಾದ ದಿನ ವಿಮೆಯವರ ಮುಂದೆ ಉತ್ತರ ಕೊಡುವುದು ಕಷ್ಟ.

ಪ್ರಶ್ನೆ: ಹಳೆಯ ಕಾರು ಮಾರುವವರು ಕೋಡು ಅಳಿಸಿ ತೋರಿಸಿದರೆ ಗೊತ್ತಾಗುವುದು ಹೇಗೆ?
– ಓದುಗರು, ಸುರತ್ಕಲ್

ಉತ್ತರ: ಸ್ಕ್ಯಾನರ್‌ನಲ್ಲಿ ಕೋಡು ಅಳಿಸಿದ ಮೇಲೆ ಓಡಿದ ಕಿಲೋಮೀಟರ್ ಎಷ್ಟು ಎಂಬ ಅಂಕಿ ಇರುತ್ತದೆ, ಹಲವು ಗಾಡಿಗಳಲ್ಲಿ ಮೊಬೈಲಿಗೆ ಜೋಡಿಸುವ ಅಗ್ಗದ ಅಡಾಪ್ಟರಿನಲ್ಲೂ ಸಿಗುತ್ತದೆ. ಅದು 4 ಅಥವಾ 5 ಎಂದಿದ್ದರೆ ಬೆಳಿಗ್ಗೆಯೇ ಅಳಿಸಿದ್ದಾರೆ. ಸ್ಕ್ಯಾನರ್ ಇಲ್ಲದಿದ್ದರೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಮೀಟರನ್ನು ನೋಡಿ. ಎಂಜಿನ್ ದೀಪ ಉರಿಯಲೇಬೇಕು. ಉರಿಯದಿದ್ದರೆ ದೀಪವನ್ನೇ ಕಿತ್ತಿರಬಹುದು, ಕಾರಿನಿಂದ ಇಳಿದು ಬನ್ನಿ.