ದಾವಣಗೆರೆಯ ತಂಗಿಗೆ, ಎರಡು ಆಫರ್ ಪತ್ರಗಳ ಬಗ್ಗೆ

ಅಕ್ಕಾ ಅಂತ ಕರೆದು ಬರೆದಿದ್ದೀರಿ, ಹಾಗಾಗಿ ತಂಗಿಗೆ ಹೇಳುವ ಹಾಗೇ ಹೇಳುತ್ತೇನೆ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದೀರಿ. ಜೊತೆಗೆ ಲೇಡೀಸ್ ಹಾಸ್ಟೆಲ್ಲಿನ ವಾರ್ಡನ್ ಕೆಲಸ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲುಗಳು. ಈಗ ಅಮೆರಿಕದಲ್ಲಿ ಹೈಯರ್ ಎಜುಕೇಶನ್ ವಿಷಯದಲ್ಲೇ ಮಾಸ್ಟರ್ಸ್ ಮಾಡಲು ಎರಡು ಕಡೆ ಸೀಟು ಸಿಕ್ಕಿದೆ. ಒಂದು ಎಲ್ಲರೂ ಕೇಳಿರುವ ದೊಡ್ಡ ಹೆಸರು, ಆದರೆ ಒಂದು ಪೈಸೆ ಸಹಾಯವಿಲ್ಲ. ಇನ್ನೊಂದು ಸಣ್ಣ ಊರಿನ ಸರ್ಕಾರಿ ವಿಶ್ವವಿದ್ಯಾಲಯ, ಓದಿನ ಜೊತೆಗೇ ಹಾಸ್ಟೆಲ್ ನೋಡಿಕೊಳ್ಳುವ ಸಂಬಳದ ಕೆಲಸ, ಅಂದರೆ ಅಸಿಸ್ಟೆಂಟ್‌ಶಿಪ್ ಕೊಡುತ್ತಿದ್ದಾರೆ. ಯಾವುದಕ್ಕೆ ಹೋಗಲಿ, ಯಜಮಾನರನ್ನು ಕರೆತರಬಹುದಾ, ಚಳಿ ಹೇಗೆ ಅಂತ ಕೇಳಿದ್ದೀರಿ.

ಚಳಿ ಅಭ್ಯಾಸವಾಗುತ್ತದೆ. ಜಾಕೆಟ್ ಅಲ್ಲಿ ಕೊಳ್ಳಬೇಡಿ, ಇಲ್ಲಿ ಅಮೆರಿಕಕ್ಕೆ ಬಂದ ಮೇಲೆ ಕೊಳ್ಳಿ. ಯಜಮಾನರು ವಿದ್ಯಾರ್ಥಿಯ ಸಂಗಾತಿಗೆ ಕೊಡುವ ಎಫ್-2 ವೀಸಾದಲ್ಲಿ ಬರಬಹುದು, ಆದರೆ ಕೆಲಸ ಮಾಡುವಂತಿಲ್ಲ. ಎರಡು ವರ್ಷ ಮನೆಯಲ್ಲಿ ಸುಮ್ನೆ ಕೂರುವುದು ಅವರಿಂದ ಆಗುತ್ತದಾ, ನೀವಿಬ್ಬರೇ ಮಾತಾಡಿಕೊಳ್ಳಿ.

ಮೊದಲ ಪ್ರಶ್ನೆಗೆ ಉತ್ತರ ಕೊಡಲು ನನ್ನ ಕಥೆ ಹೇಳಲೇಬೇಕು. 2013ರ ಏಪ್ರಿಲ್‌ನಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ನಾನೂ ಇಂಥದೇ ಎರಡು ಪತ್ರ ಹಿಡಿದುಕೊಂಡು ಕೂತಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡನ್ನೂ ಓದಿಸಿದರು. 'ಹೈಯರ್ ಎಜುಕೇಶನ್ ಅಂದರೆ ಪಿಯುಸಿ ಆದ ಮೇಲೆ ಓದುವುದೆಲ್ಲ ಅದೇ ಅಲ್ವಾ, ಅದರಲ್ಲಿ ಮತ್ತೆ ಇನ್ನೇನು ಓದುತ್ತೀ?' ಅಂತ ಕೇಳಿದರು. ನನಗೆ ಸರಿಯಾಗಿ ವಿವರಿಸಲು ಬರಲಿಲ್ಲ. ಬೆಂಗಳೂರಿನ ಮಾವ ಫೋನಿನಲ್ಲಿ, 'ಹೆಸರಿರುವ ಕಡೆ ಹೋಗಲಿ' ಅಂದರು. ಹೆಸರಿರುವ ಕಡೆಗೇ ಹೋದೆ. ಅಡಿಕೆ ತೋಟದ ಪತ್ರ ಬ್ಯಾಂಕಿಗೆ ಹೋಯಿತು.

ಆಗ ನನಗೆ ಗೊತ್ತಿಲ್ಲದೇ ಇದ್ದದ್ದು ಇದು. ನಮ್ಮ ಕಡೆ ವಾರ್ಡನ್‌ಗಿರಿ ಅಂದರೆ ಕೆಮಿಸ್ಟ್ರಿ ಮೇಡಂ ತಲೆಗೆ ಕಟ್ಟುವ ಹೆಚ್ಚುವರಿ ಹೊರೆ. ಇಲ್ಲಿ ಅದೇ ಒಂದು ವೃತ್ತಿ. ಹಾಸ್ಟೆಲ್, ಅಡ್ಮಿಷನ್, ವಿದ್ಯಾರ್ಥಿಗಳಿಗೆ ಸಲಹೆ, ಶಿಸ್ತು, ವಿದೇಶಿ ವಿದ್ಯಾರ್ಥಿಗಳ ಕಚೇರಿ, ಇವೆಲ್ಲ ಸೇರಿ ಸ್ಟೂಡೆಂಟ್ ಅಫೇರ್ಸ್. ನಮ್ಮ ಮಾಸ್ಟರ್ಸ್ ಬಹುತೇಕ ಆ ಕೆಲಸಕ್ಕೆ ತಯಾರು ಮಾಡುವ ಓದು. ಅರ್ಧ ಕಲಿಕೆ ಕ್ಲಾಸಿನಲ್ಲಿ, ಇನ್ನರ್ಧ ಅಸಿಸ್ಟೆಂಟ್‌ಶಿಪ್‌ನಲ್ಲಿ. ವಾರಕ್ಕೆ 20 ಗಂಟೆ ಕೆಲಸ. ಅದಕ್ಕೆ ಬದಲಾಗಿ ಟ್ಯೂಷನ್ ಶುಲ್ಕ ಪೂರ್ತಿಯೋ ಭಾಗವೋ ಮಾಫಿ, ತಿಂಗಳ ಖರ್ಚಿಗೆ ಒಂದಿಷ್ಟು ಹಣ. ಹಾಸ್ಟೆಲ್ ಕೆಲಸವಾದರೆ ಅನೇಕ ಕಡೆ ಇರಲು ಕೋಣೆ, ಊಟವೂ ಸೇರಿರುತ್ತದೆ.

ನನಗೆ ಅದಿರಲಿಲ್ಲ. ಡೈನಿಂಗ್ ಹಾಲಿನ ಬಾಗಿಲಲ್ಲಿ ನಿಂತು ಹುಡುಗರ ಕಾರ್ಡ್ ಉಜ್ಜುವ ಕೆಲಸ ಮಾಡಿದೆ. ಮರ್ಯಾದೆಯ ಕೆಲಸವೇ, ಬೇಸರವಿಲ್ಲ. ಆದರೆ ಓದು ಮುಗಿದು ಮೊದಲ ಇಂಟರ್‌ವ್ಯೂಗೆ ಹೋದಾಗ ಎದುರಿಗಿದ್ದವರು ಕೇಳಿದರು: 'ರಾತ್ರಿ ಎರಡು ಗಂಟೆಗೆ ವಿದ್ಯಾರ್ಥಿಯೊಬ್ಬ ಅಳುತ್ತಾ ಬಂದು ಬಾಗಿಲು ತಟ್ಟಿದಾಗ ಏನು ಮಾಡಿದಿರಿ?' ಏನು ಮಾಡುತ್ತೀರಿ ಅಂತ ಕೇಳಲಿಲ್ಲ, ಏನು ಮಾಡಿದಿರಿ ಅಂತ ಕೇಳಿದರು. ನನ್ನ ಹತ್ತಿರ ಪುಸ್ತಕದ ಉತ್ತರ ಇತ್ತು. ನನ್ನ ನಂತರ ಒಳಗೆ ಹೋದ ಹುಡುಗಿ ಯಾರೂ ಕೇಳಿರದ ಊರಿನಲ್ಲಿ ಓದಿದವಳು. ಅವಳು ಎರಡು ವರ್ಷ ಆ ಬಾಗಿಲು ತೆರೆದಿದ್ದಳು. ಕೆಲಸ ಅವಳಿಗೆ ಸಿಕ್ಕಿತು. ಸಿಗಬೇಕಾದದ್ದೂ ಅವಳಿಗೇ.

ತೋಟದ ಪತ್ರ ಏಳು ವರ್ಷ ಬ್ಯಾಂಕಿನಲ್ಲಿತ್ತು. ಅದರಲ್ಲಿ ಒಂದು ವರ್ಷ ಮಳೆ ಬಿಡದೆ ಹೊಯ್ದು ಅಡಿಕೆಗೆ ಕೊಳೆ ಬಂದಿತ್ತಂತೆ. ಎರಡನೇ ಸಲ ಬೋರ್ಡೋ ಔಷಧಿ ಹೊಡೆಸಲು ಕೈಯಲ್ಲಿ ದುಡ್ಡಿರಲಿಲ್ಲವಂತೆ. ಅಪ್ಪ ನನಗೆ ಹೇಳಲೇ ಇಲ್ಲ. ಎಷ್ಟೋ ದಿನದ ಮೇಲೆ ಅಮ್ಮ ಬಾಯಿ ತಪ್ಪಿ ಹೇಳಿದರು. ಈಗ ಸಂಬಳ ಚೆನ್ನಾಗಿದೆ, ಈ ಊರಿನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಲಹೆಗಾರ್ತಿಯಾಗಿ ಹೆಮ್ಮೆಯಿಂದ ಕೆಲಸ ಮಾಡುತ್ತಿದ್ದೇನೆ. ಆದರೂ ಆ ವರ್ಷದ ತೋಟ ನೆನಪಾದರೆ ಹೊಟ್ಟೆ ಕಿವುಚುತ್ತದೆ.

ಹಾಗಾಗಿ ನನ್ನ ಮಾತು, ಸಣ್ಣ ಊರಿಗೆ ಹೋಗಿ. ನಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿರುವ ಕಡೆಗಳೇ ಬೇರೆ. ಒಹಾಯೊದ ಬೌಲಿಂಗ್ ಗ್ರೀನ್ ಅಂದರೆ ನಮ್ಮೂರಲ್ಲಿ ಯಾರಿಗೆ ಗೊತ್ತು? ಸ್ಟೂಡೆಂಟ್ ಅಫೇರ್ಸ್ ಮಂದಿಗೆ ಅದು ದೊಡ್ಡ ಹೆಸರು. ಒಂದು ವೇಳೆ ನಿಮಗೆ ಹಾಸ್ಟೆಲ್ ಕೆಲಸಕ್ಕಿಂತ ನ್ಯಾಕ್, ನೀತಿ, ಆಡಳಿತದ ಕಡೆ ಮನಸ್ಸಿದ್ದು, ಓದಿ ವಾಪಸ್ ಬರುವ ಯೋಚನೆ ಇದ್ದರೆ ಮಾತು ಬೇರೆ. ಆಗ ಬೋಸ್ಟನ್ ಕಾಲೇಜಿನ ಇಂಟರ್‌ನ್ಯಾಷನಲ್ ಹೈಯರ್ ಎಜುಕೇಶನ್ ಕೋರ್ಸ್ ನೋಡಿ. ಅಲ್ಲಿ ಉನ್ನತ ಶಿಕ್ಷಣದ ಅಧ್ಯಯನ ಕೇಂದ್ರ ಕಟ್ಟಿದ ಫಿಲಿಪ್ ಆಲ್ಟ್‌ಬಾಕ್ ಭಾರತದ ವಿಶ್ವವಿದ್ಯಾಲಯಗಳ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದವರು.

ಒಪ್ಪಿಕೊಳ್ಳುವ ಮೊದಲು ಆ ಸಣ್ಣ ಊರಿನವರಿಗೆ ಒಂದು ಮೇಲ್ ಹಾಕಿ. ಮಾಫಿ ಪೂರ್ತಿಯಾ, ಟ್ಯೂಷನ್ ಬಿಟ್ಟು ಬೇರೆ ಫೀಸ್ ಎಷ್ಟು, ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ, ಬೇಸಿಗೆ ರಜೆಯಲ್ಲಿ ಕೋಣೆ ಇರುತ್ತದಾ, ಎರಡನೇ ವರ್ಷವೂ ಖಾತ್ರಿಯಾ, ಗಂಡ ಜೊತೆಗಿರಬಹುದಾ. ಕೇಳಲು ಸಂಕೋಚ ಬೇಡ. ನಮ್ಮ ಹಾಗೆ 'ಕೇಳಿದರೆ ಏನಂದುಕೊಳ್ಳುತ್ತಾರೋ' ಅನ್ನುವ ಅಳುಕು ಇಲ್ಲಿ ಯಾರಿಗೂ ಇಲ್ಲ. ಬೇಗ ಉತ್ತರ ಕೊಡಿ ಅಂತ ಅವರು ಅವಸರ ಮಾಡಿದರೂ ಹೆದರಬೇಡಿ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಹಣದ ನೆರವಿನ ಆಫರಿಗೆ ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯ ಕೊಡಬೇಕು. ಅವರ ಹೆಸರು ಆ ಪಟ್ಟಿಯಲ್ಲಿದೆಯಾ ನೋಡಿ.

ನನಗೆ ಯಾರೂ ಹೇಳದ ಇನ್ನೊಂದು ವಿಷಯ. ವೀಸಾಗೆಂದು ವಿಶ್ವವಿದ್ಯಾಲಯ ಕಳಿಸುವ ಐ-20 ಪತ್ರ ಬಂದಾಗ ಮೇಜರ್, ಅಂದರೆ ಓದುವ ವಿಷಯದ ಪಕ್ಕದ ಕೋಡ್ ನೋಡಿ. ಹೈಯರ್ ಎಜುಕೇಶನ್ ಆಡಳಿತದ ಕೋಡ್ 13.0406, ಅದು ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಯಲ್ಲಿಲ್ಲ. ಅಂದರೆ ಓದು ಮುಗಿದ ಮೇಲೆ ಓದಿದ ವಿಷಯದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, ಒಪಿಟಿ, 12 ತಿಂಗಳು ಮಾತ್ರ. ಎಂಜಿನಿಯರಿಂಗ್ ಹುಡುಗರಿಗೆ ಸಿಗುವ ಇನ್ನೂ 24 ತಿಂಗಳು ನಿಮಗಿಲ್ಲ. ಆ 12 ತಿಂಗಳಲ್ಲೂ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ. ಒಂದು ಸಮಾಧಾನ ಅಂದರೆ, ಕಂಪನಿಗಳಿಗಿರುವ ಎಚ್-1ಬಿ ಕೆಲಸದ ವೀಸಾದ ಲಾಟರಿ ವಿಶ್ವವಿದ್ಯಾಲಯಗಳಿಗಿಲ್ಲ. ಆದರೆ ಎಲ್ಲರೂ ಸ್ಪಾನ್ಸರ್ ಮಾಡುವುದಿಲ್ಲ. ವೀಸಾ ನಿಯಮ ಬದಲಾಗುತ್ತಲೇ ಇರುತ್ತದೆ, ಬರುವ ಮೊದಲು ಆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲೇ ವಿಚಾರಿಸಿ.

ಸಾಲ ಮಾಡಲೇಬೇಕಾದರೆ ಮನೆಯವರಿಗೆ ಪೂರ್ತಿ ಲೆಕ್ಕ ಹೇಳಿ. ಅವರ ಲೆಕ್ಕವನ್ನೂ ತಿಂಗಳು ತಿಂಗಳು ಕೇಳುತ್ತಿರಿ, ಅವರಾಗಿ ಹೇಳುವುದಿಲ್ಲ. ಸಣ್ಣ ಊರಿನಿಂದ ಉತ್ತರ ಬಂದ ಮೇಲೆ ಅಂಕಿಗಳನ್ನೆಲ್ಲ ನನಗೆ ಕಳಿಸಿ. ಶನಿವಾರ ಫೋನ್ ಮಾಡುತ್ತೇನೆ, ಯಜಮಾನರನ್ನೂ ಕೂರಿಸಿಕೊಳ್ಳಿ, ಮೂವರೂ ಸೇರಿ ಲೆಕ್ಕ ಹಾಕೋಣ.