ಪುಸ್ತಕದಲ್ಲಿರೋ ವೇಗ ಬರ್ತಿಲ್ಲ ಅಂತ ಪೌಡರ್ ಏರಿಸಬೇಡಿ

ನಿಮ್ಮ 357 ಮ್ಯಾಗ್ನಮ್ ರಿವಾಲ್ವರ್‌ಗೆ ಮನೆಯಲ್ಲೇ 110 ಗ್ರೇನ್ ತೂಕದ ಹಗುರ ಬುಲೆಟ್ ಹಾಕಿ ತೋಟಾ ಲೋಡ್ ಮಾಡುತ್ತಿದ್ದೀರಿ. ಸ್ಟೀಲ್ ಪ್ಲೇಟ್ ಬೀಳಿಸೋಕೆ ವೇಗ ಬೇಕು. ಆದರೆ ಬುಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಯಂತ್ರ, ಲೋಡಿಂಗ್ ಪುಸ್ತಕದಲ್ಲಿ ಬರೆದಷ್ಟು ವೇಗ ತೋರಿಸುತ್ತಿಲ್ಲ. ಪೌಡರ್ ಏರಿಸಲಾ, ಬೇರೆ ಯಂತ್ರ ಕೊಳ್ಳಲಾ ಅಂತ ಕೇಳಿದ್ದೀರಿ. ಪೌಡರ್ ಮುಟ್ಟಬೇಡಿ. ಟೆಕ್ಸಸ್‌ಗೆ ಬಂದ ಹೊಸದರಲ್ಲಿ ನಾನು ಇದೇ ದಾರಿ ಹಿಡಿದಿದ್ದೆ. ಒಂದು ಒಳ್ಳೆಯ ಬ್ಯಾರೆಲ್ ಕಳೆದುಕೊಂಡೆ.

ನನ್ನದು ಸೆಕೆಂಡ್ ಹ್ಯಾಂಡ್ ರಿವಾಲ್ವರ್, 4 ಇಂಚಿನ ಬ್ಯಾರೆಲ್. ಕ್ರೋನೋಗ್ರಾಫ್ ಎರಡು ಕಣ್ಣಿನದು, ಕಣ್ಣುಗಳ ನಡುವೆ ಒಂದಡಿ ಅಂತರ. ರೇಂಜ್‌ನಲ್ಲಿ ಮುಂದೆ ಹೋಗಿ ಸ್ಟ್ಯಾಂಡ್ ಇಡಬೇಕಾದರೆ ಎಲ್ಲರೂ ಗುಂಡು ಹಾರಿಸೋದು ನಿಲ್ಲಿಸುವವರೆಗೆ ಕಾಯಬೇಕು. ಅಷ್ಟು ತಾಳ್ಮೆ ನನಗಿರಲಿಲ್ಲ. ಬೆಂಚಿನ ಮುಂದೆಯೇ ಇಟ್ಟುಬಿಟ್ಟೆ. ಬ್ಯಾರೆಲ್ ತುದಿಯಿಂದ ಎರಡು ಮೂರು ಅಡಿ ಇದ್ದಿರಬಹುದು.

ತಪ್ಪು ಆಗಿದ್ದು ಅಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಹಾಗೇ ಇಟ್ಟಿದ್ದೀರಿ ಅನ್ನೋದು ನನ್ನ ಅನುಮಾನ. ಈ ಯಂತ್ರಕ್ಕೆ ಬುಲೆಟ್ ಯಾವುದು, ಹೊಗೆ ಯಾವುದು ಗೊತ್ತಾಗೋದಿಲ್ಲ. ಬೆಳಕು ಕ್ಷಣ ಮಂಕಾದರೆ ಗಡಿಯಾರ ಶುರು, ಎರಡನೇ ಕಣ್ಣಿನಲ್ಲಿ ಮಂಕಾದರೆ ನಿಲುಗಡೆ. ಸೆಕೆಂಡಿಗೆ 1400 ಅಡಿ ಓಡುವ ಬುಲೆಟ್ ಆ ಒಂದಡಿ ದಾಟಲು 714 ಮೈಕ್ರೋಸೆಕೆಂಡ್ ಸಾಕು. ಬ್ಯಾರೆಲ್ ಬಾಯಿಯಲ್ಲಿ ಬಿಸಿ ಗ್ಯಾಸ್ ಸ್ವಲ್ಪ ದೂರ ಬುಲೆಟ್ಟನ್ನೇ ಹಿಂದಿಕ್ಕಿ ನುಗ್ಗುತ್ತದೆ. ಮೊದಲ ಕಣ್ಣು ಆ ಗ್ಯಾಸನ್ನು ಕಂಡು, ಬುಲೆಟ್ ಇನ್ನೂ ಅರ್ಧ ಇಂಚು ಹಿಂದಿರುವಾಗಲೇ ಗಡಿಯಾರ ಶುರು ಮಾಡಿತು ಅಂತಿಟ್ಟುಕೊಳ್ಳಿ. 714 ಹೋಗಿ ಸುಮಾರು 744 ಆಗುತ್ತದೆ. ಪರದೆ ಮೇಲೆ 1400ರ ಬದಲು 1344 ಬರುತ್ತದೆ. ಬರೀ ಅರ್ಧ ಇಂಚಿಗೆ 56 ಅಡಿ ಮಾಯ! ಹಗುರ ಬುಲೆಟ್‌ಗೆ ಪೌಡರ್ ಜಾಸ್ತಿ ಬೀಳುತ್ತದೆ, ಹಾಗಾಗಿ ಗ್ಯಾಸೂ ಜಾಸ್ತಿ.

ವೇಗ ಕಡಿಮೆ ಕಂಡಿತು, ಪೌಡರ್ ಏರಿಸಿದೆ. ಮತ್ತೆ ಕಡಿಮೆ, ಮತ್ತೆ ಏರಿಸಿದೆ. ಪುಸ್ತಕದ ಗರಿಷ್ಠ ಮಿತಿ ದಾಟಿದ್ದೇನೆ ಅಂತ ಗೊತ್ತಿತ್ತು. ‘ವೇಗವೇ ಬಂದಿಲ್ಲ, ಒತ್ತಡ ಎಲ್ಲಿಂದ ಬರುತ್ತೆ’ ಅಂದುಕೊಂಡೆ. ಹಾರಿಸಿದ ತೋಟಾಗಳ ಖಾಲಿ ಕೇಸ್‌ಗಳು ಸಿಲಿಂಡರ್‌ನಲ್ಲಿ ಕಚ್ಚಿಕೊಳ್ಳತೊಡಗಿದವು. ಅವನ್ನು ಹೊರತಳ್ಳುವ ಎಜೆಕ್ಟರ್ ರಾಡ್ ಮೇಲೆ ಅಂಗೈಯಿಂದ ಗುದ್ದಿ ತೆಗೆಯಬೇಕಾಯಿತು. ಒತ್ತಡ ಮಿತಿಮೀರಿದೆ ಅಂತ ರಿವಾಲ್ವರ್ ಇದಕ್ಕಿಂತ ಸ್ಪಷ್ಟವಾಗಿ ಹೇಳೋದಿಲ್ಲ. 357 ಮ್ಯಾಗ್ನಮ್‌ಗೆ ಅಮೆರಿಕದ ಗನ್, ತೋಟಾ ತಯಾರಕರ ಸಾಮಿ (SAAMI) ಸಂಸ್ಥೆ ಇಟ್ಟಿರುವ ಒತ್ತಡದ ಮಿತಿ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಅದನ್ನು ಅಳೆಯುವ ಸಾಧನ ನಮ್ಮಂಥವರ ಮನೆಯಲ್ಲಿ ಇರೋದಿಲ್ಲ. ನಾನು ಕೇಸ್‌ಗಳ ಮಾತು ಬಿಟ್ಟು ಪರದೆಯನ್ನು ನಂಬಿದೆ. ಕೊನೆಗೆ ಗನ್‌ಸ್ಮಿತ್ ಟಾರ್ಚ್ ಹಾಕಿ ತೋರಿಸಿದರು. ಬ್ಯಾರೆಲ್‌ನ ಹಿಂಬದಿ, ಬುಲೆಟ್ ಒಳಗೆ ಹೋಗುವ ಫೋರ್ಸಿಂಗ್ ಕೋನ್‌ನ ಕೆಳಭಾಗದಲ್ಲಿ ಕೂದಲೆಳೆಯ ಬಿರುಕು. ಬ್ಯಾರೆಲ್ಲೇ ಬದಲಾಯಿಸಬೇಕು ಅಂದರು.

ಇದು ಹಳೇ ಕಥೆ. 1960ರ ದಶಕದಲ್ಲಿ ಇಂಡಿಯಾನಾದ ಶೆಲ್ಬಿವಿಲ್‌ನಲ್ಲಿ ಲೀ ಜುರಾಸ್ ಅನ್ನುವವರು ಸೂಪರ್ ವೆಲ್ ಹೆಸರಿನಲ್ಲಿ ಹಗುರ, ವೇಗದ ತೋಟಾ ಮಾಡಿ ಮಾರಿದರು. ಅಲ್ಲಿವರೆಗೆ 38 ಸ್ಪೆಷಲ್ (357ಕ್ಕಿಂತ ಹಳೆಯ, ಕಡಿಮೆ ಶಕ್ತಿಯ ತೋಟಾ) ಅಂದರೆ 158 ಗ್ರೇನ್ ಸೀಸದ ಬುಲೆಟ್ ಅನ್ನೋದೇ ರೂಢಿ. ಹಗುರ ಬುಲೆಟ್‌ನ ಹುಚ್ಚು ಹಿಡಿದದ್ದು ಆಮೇಲೆ. ಸ್ಮಿತ್ ಅಂಡ್ ವೆಸನ್‌ನ ಮಾಡೆಲ್ 19 ಥರದ, ಮಧ್ಯಮ ಗಾತ್ರದ ಕೆ ಫ್ರೇಮ್ ರಿವಾಲ್ವರ್‌ಗಳಲ್ಲಿ 125 ಗ್ರೇನ್ ಮ್ಯಾಗ್ನಮ್ ಹಾರಿಸಿ ಹಾರಿಸಿ ಫೋರ್ಸಿಂಗ್ ಕೋನ್ ಬಿರುಕು ಬಿಟ್ಟದ್ದು ಶೂಟರ್‌ಗಳಿಗೆಲ್ಲ ಗೊತ್ತಿರುವ ವಿಷಯ. ಸಿಲಿಂಡರ್ ಹೊತ್ತು ಹೊರಗೆ ತಿರುಗುವ ತೋಳಿಗೆ, ಅಂದರೆ ಕ್ರೇನ್‌ಗೆ, ಜಾಗ ಬಿಡಲು ಕೋನ್‌ನ ಕೆಳಭಾಗದಲ್ಲಿ ಲೋಹ ಚಪ್ಪಟೆಯಾಗಿ ಕೆತ್ತಿರುತ್ತದೆ, ಅದಕ್ಕೇ ತೆಳು. 1980ರ ದಶಕದಲ್ಲಿ ಇನ್ನೂ ದಪ್ಪನೆಯ ಎಲ್ ಫ್ರೇಮ್ ಬಂತು.

ಇನ್ನು ಪುಸ್ತಕದ ವೇಗ. ಅದನ್ನು ಯಾವ ಬ್ಯಾರೆಲ್‌ನಲ್ಲಿ ಅಳೆದಿದ್ದಾರೆ ಅಂತ ನೋಡಿದ್ದೀರಾ? 357ಕ್ಕೆ 10 ಇಂಚಿನ ಟೆಸ್ಟ್ ಬ್ಯಾರೆಲ್ ಬಳಸಿರೋದೂ ಉಂಟು. ಅಂಥ ಬ್ಯಾರೆಲ್‌ನ ವೇಗವನ್ನು ಗ್ಯಾಸ್ ಸೋರುವ ಸಿಲಿಂಡರ್ ಸಂದು ಇರೋ 4 ಇಂಚಿನ ರಿವಾಲ್ವರ್‌ನಿಂದ ಕೇಳೋದು ನ್ಯಾಯವಲ್ಲ. ನಿಮ್ಮ ಗನ್ ಪೂರ್ತಿ ಸರಿಯಾಗಿರಬಹುದು.

ನನಗೆ ನಿಮ್ಮ ಆಸೆಯೇ ಒಪ್ಪಿಗೆಯಿಲ್ಲ. ಪ್ಲೇಟ್ ಬೀಳೋದು ಬರೀ ವೇಗದಿಂದಲ್ಲ, ತೂಕವನ್ನು ವೇಗದಿಂದ ಗುಣಿಸಿ. 110 ಗ್ರೇನ್ 1300 ಅಡಿಯಲ್ಲಿ ಹೋದರೆ 1,43,000. 158 ಗ್ರೇನ್ ಆರಾಮಾಗಿ 1050 ಅಡಿಯಲ್ಲಿ ಹೋದರೂ 1,65,900. ಭಾರದ್ದೇ ಜೋರಾಗಿ ತಳ್ಳುತ್ತದೆ, ಸದ್ದು ಮತ್ತು ಬೆಂಕಿ ಕಡಿಮೆ, ಫೋರ್ಸಿಂಗ್ ಕೋನ್ ಕೂಡ ಉಳಿಯುತ್ತದೆ. ನಾನು ಈಗ 158 ಬಿಟ್ಟು ಬೇರೆ ಲೋಡ್ ಮಾಡೋದೇ ಇಲ್ಲ. ಹಗುರದ್ದೇ ಬೇಕು ಅಂದರೆ ಫ್ಯಾಕ್ಟರಿ ತೋಟಾ ಡಬ್ಬಿ ತಗೊಳ್ಳಿ.

ಹೊಸ ಯಂತ್ರ ಕೊಳ್ಳುವ ಮುಂಚೆ ಇರೋದನ್ನೇ 10–15 ಅಡಿ ದೂರ ಇಡಿ. ಎರಡೂ ಕಣ್ಣಿಗೆ ಒಂದೇ ಬೆಳಕು ಬೀಳಲಿ, ಟ್ಯೂಬ್‌ಲೈಟ್ ಕೆಳಗೆ ಬೇಡ. ಮೊದಲು ಫ್ಯಾಕ್ಟರಿ ರೌಂಡ್ ಹಾರಿಸಿ, ಸಂಖ್ಯೆ ನಂಬುವಂತಿದೆಯಾ ನೋಡಿ. ದುಡ್ಡಿದ್ದರೆ 2023ರಲ್ಲಿ ಬಂದ ಗಾರ್ಮಿನ್ ಝೀರೋ ಥರದ ರೇಡಾರ್ ತಗೊಳ್ಳಿ. ಅದು ಬುಲೆಟ್ ಹಾರುವುದನ್ನೇ ಹಿಂಬಾಲಿಸಿ ಅಳೆಯುತ್ತದೆ, ಹೊಗೆಯ ಕಾಟ ಇಲ್ಲ.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು: 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವಂತಿಲ್ಲ.

ಈಗಾಗಲೇ ಏರಿಸಿ ಲೋಡ್ ಮಾಡಿಟ್ಟ ರೌಂಡ್‌ಗಳಿದ್ದರೆ ಹಾರಿಸಬೇಡಿ, ಪುಲ್ಲರ್ ಹಾಕಿ ಬುಲೆಟ್ ಬಿಚ್ಚಿ. ಕೇಸ್ ಕಚ್ಚಿಕೊಂಡಿದ್ದರೆ ಗನ್ ಖಾಲಿ ಮಾಡಿ, ಸಿಲಿಂಡರ್ ಹೊರಗೆ ತಿರುಗಿಸಿ, ಕೋನ್‌ನ ಕೆಳಭಾಗ ಒರೆಸಿ ಟಾರ್ಚ್ ಹಿಡಿದು ನೋಡಿ. ಗೆರೆ ಥರ ಏನಾದರೂ ಕಂಡರೆ ಗನ್‌ಸ್ಮಿತ್‌ಗೆ ತೋರಿಸುವವರೆಗೆ ಅದರಿಂದ ಒಂದು ರೌಂಡೂ ಬೇಡ.