ಮೊದಲ ಪೆಟ್ರೋಲ್ ಗಾಡಿ ಯಾರದು?

ಪ್ರಶ್ನೆ: ನಾನು ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕ್ರ್ಯಾಂಕ್‌ಶಾಫ್ಟ್ ಗ್ರೈಂಡಿಂಗ್ ಮಾಡುತ್ತಿದ್ದೇನೆ. ಕಾರನ್ನು ಕಂಡುಹಿಡಿದವರು ಹೆನ್ರಿ ಫೋರ್ಡ್ ಎಂದೇ ತಿಳಿದಿದ್ದೆ. ಮಗಳು ಕಾರ್ಲ್ ಬೆಂಜ್ ಎನ್ನುತ್ತಾಳೆ, ನಮ್ಮ ಫೋರ್‌ಮನ್ ಡೈಮ್ಲರ್ ಎನ್ನುತ್ತಾರೆ. ಯಾರ ಮಾತು ಸರಿ? ಆಗ ಪೆಟ್ರೋಲ್ ಬಂಕ್‌ಗಳೇ ಇರಲಿಲ್ಲವಲ್ಲ, ಗಾಡಿಗೆ ಇಂಧನ ಎಲ್ಲಿ ಸಿಗುತ್ತಿತ್ತು?
– ಓದುಗರೊಬ್ಬರು, ಬೆಳಗಾವಿ

ಉತ್ತರ: ನಿಮ್ಮ ಮಗಳ ಮಾತು ಸರಿ, ಫೋರ್‌ಮನ್ ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಫೋರ್ಡ್ ಡೆಟ್ರಾಯಿಟ್‌ನಲ್ಲಿ ತಮ್ಮ ಮೊದಲ ಗಾಡಿಯನ್ನು ಓಡಿಸಿದ್ದು 1896ರಲ್ಲಿ. ಅಷ್ಟು ಹೊತ್ತಿಗೆ ಜರ್ಮನಿಯಲ್ಲಿ ಇಂಥ ಗಾಡಿ ರಸ್ತೆಗಿಳಿದು ಹತ್ತು ವರ್ಷವಾಗಿತ್ತು. ಕಾರನ್ನು ಸಾಮಾನ್ಯರ ಕೈಗೆಟುಕಿಸಿದ ಹಿರಿಮೆ ಫೋರ್ಡ್ ಅವರದು, ಕಂಡುಹಿಡಿದ ಹಿರಿಮೆಯಲ್ಲ.

ಎಲ್ಲಕ್ಕೂ ಮೂಲವೆಂದರೆ ನಿಕೋಲಾಸ್ ಆಟೊ 1876ರಲ್ಲಿ ಸಿದ್ಧಪಡಿಸಿದ ನಾಲ್ಕು ಸ್ಟ್ರೋಕಿನ, ಅಂದರೆ ಪಿಸ್ಟನ್ನಿನ ನಾಲ್ಕು ಓಟಕ್ಕೊಮ್ಮೆ ಇಂಧನ ಉರಿಯುವ ಎಂಜಿನ್. ಅದು ಅನಿಲದಿಂದ ನಡೆಯುವ, ಕಾರ್ಖಾನೆಯಲ್ಲಿ ಒಂದೆಡೆ ಕೂರಿಸುವ ಭಾರದ ಯಂತ್ರವಾಗಿದ್ದು, ನಿಮಿಷಕ್ಕೆ ಇನ್ನೂರು ಸುತ್ತನ್ನೂ ಮುಟ್ಟುತ್ತಿರಲಿಲ್ಲ. ಆಟೊ ಅವರ ಕಾರ್ಖಾನೆಯಲ್ಲಿ ದುಡಿದು 1882ರಲ್ಲಿ ಹೊರಬಂದ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್, ಸ್ಟುಟ್‌ಗಾರ್ಟ್ ಬಳಿಯ ಕ್ಯಾನ್‌ಸ್ಟಾಟ್‌ನಲ್ಲಿ ತೋಟದ ಮನೆಯೊಂದನ್ನೇ ವರ್ಕ್‌ಶಾಪ್ ಮಾಡಿಕೊಂಡು, 600 ಸುತ್ತು ದಾಟುವ ಹಗುರವಾದ ಪೆಟ್ರೋಲ್ ಎಂಜಿನ್ ಕಟ್ಟಿದರು. ಅದನ್ನು 1885ರಲ್ಲಿ ಮರದ ಚೌಕಟ್ಟಿನ ದ್ವಿಚಕ್ರ ಗಾಡಿಗೆ, ಮರುವರ್ಷ ಕುದುರೆಯ ಸಾರೋಟಿಗೆ ಜೋಡಿಸಿದರು.

ಆದರೆ ಡೈಮ್ಲರ್ ಅವರ ಸಾರೋಟು ಕುದುರೆ ಬಿಚ್ಚಿದ ಸಾರೋಟೇ ಆಗಿತ್ತು. ಮ್ಯಾನ್‌ಹೈಮ್ ನಗರದ ಬೆಂಜ್ ಮಾತ್ರ ಎಂಜಿನ್ನನ್ನೂ ಗಾಡಿಯನ್ನೂ ಒಂದೇ ಯಂತ್ರವೆಂದು ಬಗೆದು ಮೊದಲಿನಿಂದ ರಚಿಸಿದರು. ನಾನು ಅವರಿಗೆ ಮೊದಲ ಸ್ಥಾನ ಕೊಡುವುದು ಈ ಕಾರಣಕ್ಕೆ. 1886ರ ಜನವರಿ 29ರಂದು ಅವರು ಅರ್ಜಿ ಸಲ್ಲಿಸಿ ಪಡೆದ ಪೇಟೆಂಟಿನ ಸಂಖ್ಯೆ 37435. ಅದೇ ಜುಲೈನಲ್ಲಿ ಗಾಡಿ ಜನರೆದುರು ಓಡಿತು. ಮೂರು ಗಾಲಿ, ಸೈಕಲ್ಲಿನಂಥ ತಂತಿಯ ಕಡ್ಡಿಗಳು, 954 ಸಿಸಿಯ ಒಂದೇ ಸಿಲಿಂಡರ್, ಒಂದು ಅಶ್ವಶಕ್ತಿಗೂ ಕಡಿಮೆ ಬಲ, ಗಂಟೆಗೆ ಸುಮಾರು 16 ಕಿ.ಮೀ. ವೇಗ. ನೀವು ದಿನವೂ ಹಿಡಿಯುವ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ನಿನ ಓಟವನ್ನು ತಿರುಗುವಿಕೆಯಾಗಿಸುವ ದಂಡ, ಅದರಲ್ಲಿ ನೆಟ್ಟಗೆ ನಿಂತಿತ್ತು. ಎಂಜಿನ್ನಿನ ಓಟವನ್ನು ಸಮನಾಗಿಡುವ ಹಿಂಬದಿಯ ದೊಡ್ಡ ಚಕ್ರ, ಫ್ಲೈವ್ಹೀಲ್, ಬೀಸುಕಲ್ಲಿನ ಹಾಗೆ ಮಲಗಿ ತಿರುಗುತ್ತಿತ್ತು. ಅಷ್ಟು ಭಾರದ ಚಕ್ರ ನೆಟ್ಟಗೆ ನಿಂತು ತಿರುಗಿದರೆ ಗಾಡಿಯನ್ನು ಎಡಬಲಕ್ಕೆ ಹೊರಳಿಸುವುದು ಕಷ್ಟವಾದೀತೆಂಬ ಅಳುಕು ಬೆಂಜ್ ಅವರಿಗಿತ್ತು. ಎಂಜಿನ್ ಚಾಲೂ ಮಾಡಲು ಆ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕಿತ್ತು.

ಇಲ್ಲಿ ಮತ್ತೊಂದು ಹೆಸರನ್ನು ಮರೆತರೆ ಅನ್ಯಾಯವಾದೀತು. ವಿಯೆನ್ನಾದ ಸೀಗ್‌ಫ್ರೀಡ್ ಮಾರ್ಕಸ್ 1870ರ ಸುಮಾರಿಗೇ ಒಂದು ತಳ್ಳುಗಾಡಿಗೆ ಎಂಜಿನ್ ಕೂರಿಸಿ ನೋಡಿದ್ದರು. ಅವರು ಯಹೂದಿಯಾಗಿದ್ದ ಕಾರಣಕ್ಕೆ, ಕಾರಿನ ಜನಕ ಅವರಲ್ಲ, ಡೈಮ್ಲರ್ ಮತ್ತು ಬೆಂಜ್ ಎಂದು ವಿಶ್ವಕೋಶಗಳನ್ನು ತಿದ್ದುವಂತೆ 1940ರಲ್ಲಿ ನಾಜಿ ಸರಕಾರ ಸೂಚಿಸಿತು. ಮಾರ್ಕಸ್ ಅವರ ಪೂರ್ಣ ಪ್ರಮಾಣದ ಕಾರು 1888–89ರದೆಂದು ಮುಂದೆ ಖಚಿತವಾದ್ದರಿಂದ ಬೆಂಜ್ ಅವರ ಸ್ಥಾನ ಉಳಿಯುತ್ತದೆ. ಆದರೂ ಹೆಸರನ್ನು ಅಳಿಸಿದ ಆ ರೀತಿ ಕ್ಷಮಿಸತಕ್ಕದ್ದಲ್ಲ.

ಇನ್ನು ಇಂಧನದ ಪ್ರಶ್ನೆ. ಅದು ಸಿಗುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ! ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ಹಗುರ ಪೆಟ್ರೋಲಿಯಂ ದ್ರವವೇ ಆ ಗಾಡಿಯ ಪೆಟ್ರೋಲ್. ಇದನ್ನು ಜಗತ್ತು ನೆನಪಿಟ್ಟುಕೊಂಡದ್ದು ಬೆಂಜ್ ಅವರ ಪತ್ನಿ ಬರ್ತಾ ಅವರಿಂದ. ಮದುವೆಗೂ ಮೊದಲೇ ತಮ್ಮ ವರದಕ್ಷಿಣೆಯ ಹಣವನ್ನು ಬೆಂಜ್ ಅವರ ಕಾರ್ಖಾನೆ ಉಳಿಸಲು ಕೊಟ್ಟಿದ್ದ ಆ ತಾಯಿ, 1888ರ ಆಗಸ್ಟ್‌ನಲ್ಲಿ, ಗಾಡಿಯನ್ನು ಕೊಳ್ಳುವವರೇ ಇಲ್ಲದಿದ್ದ ದಿನಗಳಲ್ಲಿ, ಗಂಡನಿಗೆ ತಿಳಿಸದೆ ಇಬ್ಬರು ಹುಡುಗರನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಜ್‌ಹೈಮ್‌ಗೆ ಹೊರಟರು. ಹಾದಿ 100 ಕಿ.ಮೀ.ಗೂ ಮಿಗಿಲು, ಹೆಚ್ಚುಕಡಿಮೆ ಬೆಳಗಾವಿಯಿಂದ ಹುಬ್ಬಳ್ಳಿಯ ದೂರ. ವೀಸ್ಲೋಕ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಕೊಂಡರು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಎಂಜಿನ್ನಿನ ನೀರು ಕುದಿದು ಆವಿಯಾಗುತ್ತಿದ್ದುದರಿಂದ ದಾರಿಯುದ್ದಕ್ಕೂ ಸಿಕ್ಕಲ್ಲಿ ನೀರು ತುಂಬಿದರು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು. ಬ್ರೇಕಿನ ಮರದ ಗುಟ್ಟ ಸವೆದಾಗ ಚಮ್ಮಾರರೊಬ್ಬರಿಂದ ಅದಕ್ಕೆ ತೊಗಲು ಹೊಡೆಸಿದರು. ಸಂಜೆ ತವರು ಮುಟ್ಟಿದ ಮೇಲೆ ಗಂಡನಿಗೆ ತಂತಿ ಕಳಿಸಿದರು. ಏರಿನಲ್ಲಿ ಗಾಡಿ ಸೋಲುತ್ತದೆಂದು ಅವರು ಮರಳಿ ಬಂದು ಹೇಳಿದ ಮೇಲೆಯೇ ಬೆಂಜ್ ಅದಕ್ಕೆ ಏರು ಹತ್ತುವ ಇನ್ನೊಂದು ಗೇರ್ ಕೂಡಿಸಿದರು.